ಮಡಿಕೇರಿಯ ಚಳಿಯಲ್ಲಿ ಜೆಲ್‌ಮಾ ಬಯೋಇಂಕ್

ಮೂರು ತಿಂಗಳಿಂದ ಮಡಿಕೇರಿಯ ನಮ್ಮ ಚಿಕ್ಕ ಲ್ಯಾಬಿನಲ್ಲಿ ಈ ಜೆಲ್‌ಮಾ ಬಯೋಇಂಕ್ ಬಳಸುತ್ತಿದ್ದೇನೆ. ಬಯೋಇಂಕ್ ಎಂದರೆ ಜೀವಕೋಶ ಬೆರೆಸಿ 3ಡಿ ಪ್ರಿಂಟರಿನಲ್ಲಿ ಅಂಗಾಂಶ ಪ್ರಿಂಟ್ ಮಾಡುವ ಜೆಲ್. ಇದು ಜಿಲಾಟಿನ್‌ನಿಂದ ಮಾಡಿದ್ದು. ನಾನು ಬೆಳೆಸುತ್ತಿರುವುದು ಕಾರ್ಟಿಲೇಜ್, ಅಂದರೆ ಕೀಲುಗಳಲ್ಲಿರುವ ಮೃದು ಎಲುಬು. ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಬೆರೆಸಿ ಪ್ರಿಂಟ್ ಮಾಡಿ, 405 ನ್ಯಾನೋಮೀಟರ್ ನೇರಳೆ ಬೆಳಕು ಬಿಟ್ಟರೆ ಗಟ್ಟಿಯಾಗುತ್ತದೆ.

ಮೊದಲು ತೊಂದರೆ ಹೇಳಿಬಿಡುತ್ತೇನೆ. ಜುಲೈ ಮಳೆಯಲ್ಲಿ ನಮ್ಮ ಕೋಣೆ 18 ಡಿಗ್ರಿ. ಇಂಕ್ ಸಿರಿಂಜಿನಲ್ಲೇ ಹೆಪ್ಪುಗಟ್ಟಿ ಸೂಜಿ ಕಟ್ಟಿಕೊಂಡಿತು. ಒತ್ತಡ ಜಾಸ್ತಿ ಮಾಡಿದೆ. ಎಳೆ ಬಂತು, ಆದರೆ ಜೀವಕೋಶಗಳು ತುಂಬಾ ಸತ್ತವು. ಸಣ್ಣ ಸೂಜಿಯೊಳಗಿನ ತಿಕ್ಕಾಟವನ್ನು ಅವು ತಾಳುವುದಿಲ್ಲ. ಕೈಪಿಡಿಯಲ್ಲಿ ‘ಕೋಣೆಯ ತಾಪಮಾನ’ ಎಂದಷ್ಟೇ ಇದೆ. ಎಷ್ಟು ಡಿಗ್ರಿ ಎಂದು ಬರೆಯಲೇಬೇಕಿತ್ತು, ಅಲ್ವಾ? ಸಿರಿಂಜಿಗೆ ಹೀಟರ್ ಸುತ್ತಿ 25 ಡಿಗ್ರಿಯಲ್ಲಿ ಇಟ್ಟ ಮೇಲೆ ಎಳೆ ಸಲೀಸಾಗಿ ಬಂತು.

ಹಿಂದೆ ಕಡಲ ಪಾಚಿಯ ಆಲ್ಜಿನೇಟ್ ಬಳಸುತ್ತಿದ್ದೆ. ಅಗ್ಗ. ಕ್ಯಾಲ್ಸಿಯಂ ದ್ರಾವಣ ಹಾಕಿದರೆ ಸಾಕು, ಗಟ್ಟಿ. ಆದರೆ ಜೀವಕೋಶಗಳಿಗೆ ಹಿಡಿದುಕೊಳ್ಳಲು ಅದರಲ್ಲಿ ಜಾಗವೇ ಇಲ್ಲ. ಜಿಲಾಟಿನ್‌ನಲ್ಲಿ ಇದೆ. ಅದಕ್ಕೇ ಇದಕ್ಕೆ ಹೆಚ್ಚು ಬೆಲೆ ಕೊಟ್ಟೆ.

ಸ್ಟೆಮ್ ಸೆಲ್‌ಗಳನ್ನು ಕಾರ್ಟಿಲೇಜಿನತ್ತ ತಿರುಗಿಸುವ ಟಿಜಿಎಫ್-ಬೀಟಾ 3 ಎಂಬ ಪ್ರೋಟೀನ್ ಹಾಕಿ 28 ದಿನ ಬೆಳೆಸಿ, ಆಲ್ಷಿಯನ್ ಬ್ಲೂ ಬಣ್ಣ ಹಚ್ಚಿದೆ. ತುಂಡೆಲ್ಲ ನೀಲಿ! ಈ ಬಣ್ಣ ಹಿಡಿಯುವುದು ಜಿಎಜಿಯನ್ನು, ಅಂದರೆ ಕಾರ್ಟಿಲೇಜಿಗೆ ಬೇಕಾದ ಉದ್ದನೆಯ ಸಕ್ಕರೆ ಸರಪಳಿಗಳನ್ನು. ಅದು ತುಂಬಿಕೊಂಡಿತ್ತು. ಆ ದಿನ ನನಗೆ ಊಟ ಬೇಕೆನಿಸಲಿಲ್ಲ.

ಅಪ್ಪ ನಲವತ್ತು ವರ್ಷ ಏಣಿ ಹತ್ತಿ ಕಾಳುಮೆಣಸು ಕೊಯ್ದವರು. ಮೊಣಕಾಲು ಸವೆದಿದೆ. ಕಾರ್ಟಿಲೇಜಿನಲ್ಲಿ ರಕ್ತನಾಳ ಇಲ್ಲ, ಸವೆದರೆ ತಾನಾಗಿ ಸರಿಹೋಗುವುದು ಕಷ್ಟ. ಫೋಟೋ ತೋರಿಸಿದೆ. “ನನ್ನ ಕಾಲಿಗೆ ಹಾಕಬಹುದಾ ಮಗಳೇ?” ಎಂದರು. “ಇನ್ನೂ ಇಲ್ಲ ಅಪ್ಪ, ಇದು ಲ್ಯಾಬಿಗೆ ಮಾತ್ರ” ಎಂದೆ.

ಎರಡನೇ ಬಾಟಲಿ ಆರ್ಡರ್ ಮಾಡಿದ್ದೇನೆ. ಚಳಿ ಊರಿನವರು ಹೀಟರನ್ನೂ ಜೊತೆಗೇ ತರಿಸಿಕೊಳ್ಳಿ.