ವಿಡಿಯೊಗೆ ಎರಡು ಸ್ಟಾರ್, ಬೆಳಗಿನ ಮೂರು ಪ್ರಶ್ನೆಗೆ ಐದು

ನಾನು ಜಿಲ್ಲಾ ಕೇಂದ್ರವೊಂದರ ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಡಾಕ್ಟರು, ನರ್ಸು, ಫಾರ್ಮಸಿಸ್ಟ್, ಫಿಸಿಯೊ ಇವರಿಗೆಲ್ಲ ಪಾಠ ಹೇಳುವವರಿಗಾಗಿಯೇ, ಹೇಗೆ ಕಲಿಸಬೇಕು ಎಂದು ಹೇಳಿಕೊಡಲು ಮಾಡಿದ ಆನ್‌ಲೈನ್ ಕೋರ್ಸ್ ಒಂದಕ್ಕೆ ಸೇರಿ ವರ್ಷದ ಮೇಲಾಯಿತು. ಹೆಸರು ಹಾಕುವುದಿಲ್ಲ. ಈಗ ಸಿಗುವ ಇಂಥ ಕೋರ್ಸ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಿನವು, ನೀವು ಯಾವುದನ್ನೇ ನೋಡುತ್ತಿದ್ದರೂ ಇದು ಉಪಯೋಗಕ್ಕೆ ಬರಬಹುದು. ಎಷ್ಟು ಮಾಡ್ಯೂಲ್, ಎಷ್ಟು ಗಂಟೆ, ಯಾವ ಸರ್ಟಿಫಿಕೇಟ್ ಎಂಬುದೆಲ್ಲ ಅವರವರ ಪೇಜಿನಲ್ಲೇ ಇರುತ್ತದೆ, ಅದನ್ನು ನಾನು ಮತ್ತೆ ಬರೆಯುವುದಿಲ್ಲ.

ಫೀಸನ್ನು ಕಾಲೇಜು ಕೊಡಲಿಲ್ಲ. ನನ್ನ ಹೆಚ್ಚುಕಮ್ಮಿ ಅರ್ಧ ತಿಂಗಳ ಸಂಬಳ ಅದಕ್ಕೇ ಹೋಯಿತು. ಹಾಗಾಗಿ ನನ್ನ ಲೆಕ್ಕ ಸ್ವಲ್ಪ ಬಿಗಿ. ಮ್ಯಾನೇಜ್‌ಮೆಂಟ್ ದುಡ್ಡಲ್ಲಿ ಸೇರುವವರು ನನ್ನ ಸಿಟ್ಟಿನಲ್ಲಿ ಕಾಲು ಭಾಗ ಕಳೆದು ಓದಿಕೊಳ್ಳಿ.

ಸೇರಿದ್ದು ಯಾಕೆ ಅಂದರೆ, ನಮ್ಮ ಕೆಲಸವೇ ಬದಲಾಗಿದೆ. 2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂತು. 2021ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಬಿಎಸ್ಸಿ ನರ್ಸಿಂಗನ್ನೂ ಸೆಮಿಸ್ಟರ್‌ಗೆ ತಂದಿತು. ಕ್ರೆಡಿಟ್ಟು, ಸಿಮ್ಯುಲೇಶನ್ನು, ಸ್ಕಿಲ್ ಲ್ಯಾಬು ಎಲ್ಲ ಒಟ್ಟಿಗೇ ಬಂದವು. ಎಂಎಸ್ಸಿಯಲ್ಲಿ ನಾವೂ ಕಲಿಕೆಯ ಸಿದ್ಧಾಂತಗಳನ್ನು ಓದಿದವರೇ. ಪಾವ್ಲೊವ್‌ನ ನಾಯಿ, ಥಾರ್ನ್‌ಡೈಕ್‌ನ ಬೆಕ್ಕು, ಸ್ಕಿನ್ನರ್‌ನ ಪಾರಿವಾಳ. ಮನುಷ್ಯರ ಸರದಿ ಬರುವ ಹೊತ್ತಿಗೆ ಪರೀಕ್ಷೆ ಬಂದಿತ್ತು.

ಈಗ ವಿಡಿಯೊ ವಿಷಯಕ್ಕೆ ಬರುತ್ತೇನೆ. ಈ ವಿಮರ್ಶೆ ಬರೆಯಬೇಕು ಅನ್ನಿಸಿದ್ದೇ ಅದರಿಂದ.

ಎರಡನೇ ವಾರದ ಪಾಠ ಮಾಲ್ಕಮ್ ನೋಲ್ಸ್ ಬಗ್ಗೆ. ದೊಡ್ಡವರು ಮಕ್ಕಳ ಹಾಗೆ ಕಲಿಯುವುದಿಲ್ಲ ಎಂದು ಜೀವನವಿಡೀ ಹೇಳಿದ ಅಮೆರಿಕದ ಶಿಕ್ಷಣ ತಜ್ಞ. ದೊಡ್ಡವರಿಗೆ ಇದನ್ನು ಯಾಕೆ ಕಲಿಯಬೇಕು ಅಂತ ಮೊದಲು ಗೊತ್ತಾಗಬೇಕು. ಅವರ ಹತ್ತಿರ ಆಗಲೇ ಅನುಭವ ಇದೆ, ಅದನ್ನು ಬಳಸಿಕೊಳ್ಳಬೇಕು. ತಮ್ಮ ಕಲಿಕೆಯ ಲಗಾಮು ತಮ್ಮ ಕೈಯಲ್ಲೇ ಇರಬೇಕು ಅನ್ನುವುದು ಅವರ ಬಯಕೆ. ಎಲ್ಲ ಸರಿಯಾದ ಮಾತೇ. ಆದರೆ ಇದನ್ನು ಹೇಳುವ ವಿಡಿಯೊ ಮುಕ್ಕಾಲು ಗಂಟೆಯದು. ವೇಗ ಹೆಚ್ಚಿಸಲು ಬರುವುದಿಲ್ಲ. ಮುಂದಕ್ಕೆ ಓಡಿಸಲು ಬರುವುದಿಲ್ಲ. ಬೇರೆ ಟ್ಯಾಬ್‌ಗೆ ಹೋದರೆ ನಿಂತುಬಿಡುತ್ತದೆ. ಇದು ಸಾಲದು ಅಂತ ನಡುನಡುವೆ ಒಂದು ಚೌಕ ಬಂದು 'ನೀವು ಇನ್ನೂ ನೋಡುತ್ತಿದ್ದೀರಾ?' ಎಂದು ಕೇಳುತ್ತದೆ. ಕೂಡಲೇ ಒತ್ತಬೇಕು. ಒತ್ತದಿದ್ದರೆ ವಿಡಿಯೊ ಮೊದಲಿನಿಂದ.

ನಮ್ಮೂರಲ್ಲಿ ಸಂಜೆ ಕರೆಂಟ್ ಹೋಗುವುದು ಹೊಸದೇನಲ್ಲ. ಕರೆಂಟ್ ಹೋದರೆ ವೈಫೈ ಹೋಯಿತು, ವೈಫೈ ಹೋದರೆ ನೋಲ್ಸ್ ಮತ್ತೆ ಹುಟ್ಟಿ ಬರುತ್ತಾರೆ. ಕೊನೆಗೆ ಸೌಂಡ್ ತೆಗೆದು, ಒಗೆದ ಬಟ್ಟೆ ಮಡಚುತ್ತಾ, ಚೌಕ ಬಂದಾಗ ಮಾತ್ರ ಒತ್ತುತ್ತಾ ಮುಗಿಸಿದೆ. ದೊಡ್ಡವರ ಕಲಿಕೆ ದೊಡ್ಡವರ ಕೈಯಲ್ಲೇ ಇರಬೇಕು ಅಲ್ವಾ?

ಸಿಟ್ಟು ಬಂದಿದ್ದು ಉದ್ದಕ್ಕಲ್ಲ. ಇಷ್ಟು ಉದ್ದ ಸರಿಯಲ್ಲ ಎಂದು ಅವರದೇ ಆರನೇ ವಾರದ ಪಾಠ ಹೇಳುತ್ತದೆ, ಸಿಟ್ಟು ಅದಕ್ಕೆ. 2014ರ ಒಂದು ಅಧ್ಯಯನ ಇದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ವೇದಿಕೆಯ ನಾಲ್ಕು ಕೋರ್ಸ್‌ಗಳಲ್ಲಿ ಜನ 69 ಲಕ್ಷ ಸಲ ವಿಡಿಯೊ ನೋಡಿದ ದಾಖಲೆ ಜಾಲಾಡಿ ಮಾಡಿದ್ದು. ವಿಡಿಯೊ ಎಷ್ಟೇ ಉದ್ದ ಇರಲಿ, ಜನ ಸಾಮಾನ್ಯವಾಗಿ ನೋಡುವುದು ಹೆಚ್ಚೆಂದರೆ ಆರು ನಿಮಿಷ ಎಂದು ಅದರಲ್ಲಿ ಕಂಡಿತು. ಇದನ್ನು ನಮಗೆ ಹೇಳಿಕೊಟ್ಟದ್ದು ಇನ್ನೊಂದು ಉದ್ದದ ವಿಡಿಯೊದಲ್ಲಿ. ತಲೆಯ ಮೇಲೆ ಒಮ್ಮೆಗೇ ಹೊರೆ ಹಾಕಬೇಡಿ ಎಂಬ ಸ್ವೆಲ್ಲರ್ ಅವರ ಪಾಠದಲ್ಲಿ ಸ್ಲೈಡ್ ತುಂಬ ಸಣ್ಣ ಅಕ್ಷರ, ಅದನ್ನೇ ಗಟ್ಟಿಯಾಗಿ ಓದುವ ದನಿ. ಫೋನಿನಲ್ಲಿ ನೋಡುವವರು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿಯಬೇಕು.

ಇನ್ನೊಂದು ದೂರು. ಈ ಕಾಲದಲ್ಲೂ 'ನಿಮ್ಮ ಕಲಿಕೆಯ ಶೈಲಿ ಯಾವುದು' ಎಂಬ ಕ್ವಿಜ್ ಇಟ್ಟಿದ್ದಾರೆ. ಕಣ್ಣಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಅಂತ ವಿಂಗಡಿಸುತ್ತದಲ್ಲ, ಅದು. ಹಾಗೆ ವಿಂಗಡಿಸಿ, ಅವರವರ ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು 2008ರಲ್ಲೇ ಮನಶ್ಶಾಸ್ತ್ರಜ್ಞ ಪ್ಯಾಶ್ಲರ್ ಮತ್ತು ಜೊತೆಗಾರರು ವಿವರವಾಗಿ ಬರೆದಿದ್ದಾರೆ. ಎದೆಯ ಸದ್ದು ಕೇಳುವುದನ್ನು ಯಾರೇ ಆಗಲಿ ಕಿವಿಯಿಂದಲೇ ಕಲಿಯಬೇಕು, 'ನಾನು ಕಣ್ಣಿನವಳು ಮ್ಯಾಮ್' ಅಂದರೆ ನಡೆಯುತ್ತದಾ? ಓದಿದರೆ ಶೇಕಡಾ 10 ನೆನಪು, ಕೇಳಿದರೆ ಶೇಕಡಾ 20 ಎನ್ನುವ ಆ ತ್ರಿಕೋನದ ಚಿತ್ರವೂ ಇದೆ. ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ ಮೂಲ ಚಿತ್ರದಲ್ಲಿ ಈ ಅಂಕಿಗಳೇ ಇರಲಿಲ್ಲ, ಆಮೇಲೆ ಬೇರೆಯವರು ಅಂಟಿಸಿದ್ದು. ದುಡ್ಡು ಕೊಟ್ಟು ಕಲಿಯುವ ಜಾಗದಲ್ಲಿ ಇದು ಇರಬಾರದಿತ್ತು.

ಇಷ್ಟೇ ಆಗಿದ್ದರೆ ಒಂದು ಸ್ಟಾರ್ ಕೊಟ್ಟು ಎದ್ದು ಹೋಗುತ್ತಿದ್ದೆ.

ಆದರೆ ಬೆಳಗಿನ ಪ್ರಶ್ನೆಗಳಿವೆ. ದಿನಾ ಆರೂವರೆಗೆ ವಾಟ್ಸಾಪ್‌ಗೆ ಮೂರು ಪ್ರಶ್ನೆ ಬರುತ್ತವೆ. ಬರೀ ಅಕ್ಷರ, ಚಿತ್ರವಿಲ್ಲ, ವಿಡಿಯೊವಿಲ್ಲ. ಪೇಜಿನ ಜಾಹೀರಾತಿನಲ್ಲಿ ಇದರ ಬಗ್ಗೆ ಅರ್ಧ ಸಾಲು ಇರಬಹುದು ಅಷ್ಟೆ. ನಾನಂತೂ ಸೇರುವಾಗ ಗಮನಿಸಿರಲಿಲ್ಲ.

ಇಡ್ಲಿ ಕುಕ್ಕರ್ ಒಲೆ ಮೇಲೆ ಇಡುತ್ತೇನೆ. ಫೋನನ್ನು ರಾಗಿ ಹಿಟ್ಟಿನ ಡಬ್ಬಿಗೆ ಒರಗಿಸುತ್ತೇನೆ. ಇಡ್ಲಿ ಬೇಯುವ ಹೊತ್ತು, ಮೂರು ಪ್ರಶ್ನೆಯ ಹೊತ್ತು ಸರಿಯಾಗಿ ಕೂಡುತ್ತದೆ. ಕೈ ಒದ್ದೆ ಇದ್ದರೆ ಮೊದಲು ಬಾಯಲ್ಲಿ ಉತ್ತರ ಹೇಳಿಕೊಂಡು, ಸೆರಗಿಗೆ ಒರೆಸಿಕೊಂಡು, ಆಮೇಲೆ ಒತ್ತುತ್ತೇನೆ. 'ಇನ್ನೂ ಪರೀಕ್ಷೆ ಮುಗಿದಿಲ್ವೇನಮ್ಮಾ ನಿಂದು?' ಅಂತ ಅತ್ತೆ ಕೇಳುತ್ತಾರೆ. ಈಗೀಗ ಅವರೂ ಪಕ್ಕಕ್ಕೆ ಬಂದು ನಿಲ್ಲುತ್ತಾರೆ, ಪ್ರಶ್ನೆ ಓದಿ ಹೇಳು ಅನ್ನುತ್ತಾರೆ. ಮೊನ್ನೆ ಬಂದ ಪ್ರಶ್ನೆ: ರೋಗಿಯ ಮುಂದೆಯೇ ವಿದ್ಯಾರ್ಥಿನಿ ಔಷಧದ ಪ್ರಮಾಣ ತಪ್ಪು ಹೇಳಿದಳು, ನೀವು ಮೊದಲು ಏನು ಮಾಡುತ್ತೀರಿ? 'ಅವಳನ್ನ ಆಚೆ ಕರ್ಕೊಂಡು ಹೋಗಿ ಹೇಳ್ಬೇಕು, ಅಲ್ಲೇ ಮಾನ ತೆಗೀಬಾರ್ದು' ಅಂದರು ಅತ್ತೆ. ಅರ್ಧ ಅಂಕ ಕೊಡಬಹುದು. ಪ್ರಮಾಣ ಸರಿ ಮಾಡುವುದು ಮೊದಲು, ರೋಗಿಗೆ ಗಾಬರಿಯಾಗದಂತೆ. ಆಚೆಗೆ ಕರೆದು ಮಾತಾಡುವುದು ಆಮೇಲೆ.

ತಪ್ಪಿದ ಪ್ರಶ್ನೆ ಕೆಲವು ದಿನ ಬಿಟ್ಟು ಮತ್ತೆ ಬರುತ್ತದೆ. ಸರಿ ಹೇಳಿದ್ದು ಇನ್ನೂ ತಡವಾಗಿ ಬರುತ್ತದೆ, ಮತ್ತೂ ಸರಿಯಾದರೆ ಪಟ್ಟಿಯಿಂದ ಹೋಗುತ್ತದೆ. ಉತ್ತರದ ಕೆಳಗೆ ನಾಲ್ಕು ಸಾಲು ವಿವರಣೆ. ಅದೂ ಗದರುವ ಧಾಟಿಯಲ್ಲಲ್ಲ.

ಇದೇನು ಇವರ ಸ್ವಂತ ಶೋಧವಲ್ಲ. ಓದಿದ್ದು ಎಷ್ಟು ಬೇಗ ಸೋರಿ ಹೋಗುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲೇ ಬರೆದಿದ್ದರು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅಮೆರಿಕದಲ್ಲಿ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಆಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುತ್ತಾ ಹೋಯಿತು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟರೆ ಓದಿದವರೇ ಮುಂದೆ, ಅವರಿಗೆ ಶೇಕಡಾ 83, ಬರೆದವರಿಗೆ 71. ಒಂದು ವಾರ ಬಿಟ್ಟು ಇಟ್ಟರೆ ತಲೆಕೆಳಗು. ಓದಿದವರಿಗೆ ನೆನಪಿದ್ದದ್ದು ಶೇಕಡಾ 40, ಬರೆದವರಿಗೆ 61. ಇಂಟರ್ನಲ್ಸ್ ಹಿಂದಿನ ರಾತ್ರಿ ಓದಿ ಬರುವ ನಮ್ಮ ಮಕ್ಕಳು ಅವತ್ತು ಚೆನ್ನಾಗಿ ಬರೆದು, ವಾರ್ಡಿಗೆ ಹೋದಾಗ ಬ್ಲ್ಯಾಂಕ್ ಆಗುವುದು ಇದಕ್ಕೇ. ಹಾರ್ವರ್ಡ್‌ನ ಯೂರಾಲಜಿ ಡಾಕ್ಟರ್ ಪ್ರೈಸ್ ಕರ್ಫೂಟ್ ಇದನ್ನೇ ಹಿಡಿದುಕೊಂಡು, ಕಲಿಯುವ ಡಾಕ್ಟರುಗಳಿಗೆ ಈಮೇಲ್‌ನಲ್ಲಿ ಪ್ರಶ್ನೆ ಕಳಿಸಿ, ಬಿಡುವು ಕೊಟ್ಟು ಮತ್ತೆ ಕಳಿಸಿ ಪರೀಕ್ಷಿಸಿದರು. ನನ್ನ ರಾಗಿ ಡಬ್ಬಿಯ ಮುಂದೆ ಬರುವುದು ಅದರದೇ ವಂಶದ್ದು.

ಅಂದರೆ ಈ ಕೋರ್ಸ್‌ನಲ್ಲಿ ಕಡಿಮೆ ಖರ್ಚಿನ ಭಾಗವೇ ಕೆಲಸ ಮಾಡುತ್ತಿರುವುದು. ಕ್ಯಾಮೆರಾ, ಸ್ಟುಡಿಯೊ, ಸೂಟು ಹಾಕಿಕೊಂಡ ಪ್ರೊಫೆಸರು ಇವರಿಗೆ ಸುರಿದ ದುಡ್ಡು ನನ್ನ ತಲೆಯಲ್ಲಿ ಉಳಿದಿಲ್ಲ. ಯಾರೋ ಕೂತು ಬರೆದ ಮೂರು ಸಾಲಿನ ಪ್ರಶ್ನೆಗಳು ಉಳಿದಿವೆ. ಗೊತ್ತಿರುವುದು, ಹೇಗೆ ಅಂತ ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾಗಿ ಮಾಡುವುದು ಎಂಬ ಮಿಲ್ಲರ್ ಅವರ ನಾಲ್ಕು ಮೆಟ್ಟಿಲು ವಿಡಿಯೊದಲ್ಲಿ ನೋಡಿದ್ದು ಮರೆತೇ ಹೋಗಿತ್ತು. ಲ್ಯಾಬಿನ ಪರೀಕ್ಷೆಯಲ್ಲಿ ಮಾಡಿ ತೋರಿಸುವುದು ಬೇರೆ, ವಾರ್ಡಿನಲ್ಲಿ ಯಾರೂ ನೋಡದಿದ್ದಾಗ ಮಾಡುವುದು ಬೇರೆ ಎನ್ನುವುದು ಪ್ರಶ್ನೆಯಾಗಿ ಬೇರೆ ಬೇರೆ ವೇಷದಲ್ಲಿ ಬಂದು ಬಂದು ಗಟ್ಟಿಯಾಯಿತು.

ಕ್ಲಾಸಿಗೂ ತಂದಿದ್ದೇನೆ. ಈಗ ನನ್ನ ಪಾಠ ಶುರುವಾಗುವುದೇ ಬೋರ್ಡಿನ ಮೇಲೆ ಮೂರು ಪ್ರಶ್ನೆಯಿಂದ. ಒಂದು ನಿನ್ನೆಯದು, ಒಂದು ಹೋದ ತಿಂಗಳದು, ಒಂದು ಹೋದ ಸೆಮಿಸ್ಟರಿನದು. 'ಇದಕ್ಕೆ ಮಾರ್ಕ್ಸ್ ಇದ್ಯಾ ಮ್ಯಾಮ್?' ಅಂತ ಕೇಳಿದರು. ಇಲ್ಲ ಅಂದಾಗ ಹಿಂದಿನ ಬೆಂಚಿನವರ ಮುಖ ಅರಳಿತು, ಮುಂದಿನ ಬೆಂಚಿನವರದು ಬಾಡಿತು. ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗಾಗಿ ಪ್ರಶ್ನೆಯನ್ನು ಕನ್ನಡದಲ್ಲೇ ಬರೆಯುತ್ತೇನೆ, ಟರ್ಮ್‌ಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬಿಡುತ್ತೇನೆ. ಬಾಯಿ ಬಿಡದವರು ಈಗ ಉತ್ತರ ಹೇಳುತ್ತಾರೆ.

ವಿಡಿಯೊಗಳಲ್ಲಿ ಒಂದನ್ನು ಮಾತ್ರ ಹೊಗಳಲೇಬೇಕು. ಪೇಟನ್ ಅವರ ನಾಲ್ಕು ಹಂತ. ಕೈಕೆಲಸ ಕಲಿಸಲು ಇದಕ್ಕಿಂತ ಸರಳವಾದದ್ದು ನಾನು ನೋಡಿಲ್ಲ. ಮೊದಲು ಟೀಚರ್ ಮಾತಾಡದೆ ಮಾಮೂಲಿ ವೇಗದಲ್ಲಿ ಮಾಡಿ ತೋರಿಸಬೇಕು. ಆಮೇಲೆ ನಿಧಾನವಾಗಿ, ಒಂದೊಂದೇ ವಿವರಿಸುತ್ತಾ. ಮೂರನೆಯದರಲ್ಲಿ ವಿದ್ಯಾರ್ಥಿ ಹೇಳಬೇಕು, ಟೀಚರ್ ಮಾಡಬೇಕು. ಕೊನೆಗೆ ವಿದ್ಯಾರ್ಥಿಯೇ ಹೇಳುತ್ತಾ ಮಾಡಬೇಕು.

ಆ ಮೂರನೇ ಹಂತ ಇದೆಯಲ್ಲ, ಅದು ಭಾರಿ ಮಜಾ. ಬಿಪಿ ನೋಡುವುದನ್ನು ಹೀಗೇ ಕಲಿಸುತ್ತೇನೆ. ಅವರು ಹೇಳಿದ್ದಷ್ಟೇ ಮಾಡುತ್ತೇನೆ, ಒಂದು ಚೂರೂ ಜಾಸ್ತಿ ಇಲ್ಲ. 'ಕಫ್ ಕಟ್ಟಿ ಮ್ಯಾಮ್' ಅಂದರೆ ಕಟ್ಟುತ್ತೇನೆ, ಎಲ್ಲಿಗೆ ಅಂತ ಹೇಳದಿದ್ದರೆ ಮೊಣಕೈ ಗಂಟಿಗೇ ಕಟ್ಟುತ್ತೇನೆ. 'ಪಂಪ್ ಮಾಡಿ' ಅಂದರೆ ಬಲ್ಬ್ ಒತ್ತುತ್ತೇನೆ. ವಾಲ್ವ್ ಮುಚ್ಚಲು ಯಾರೂ ಹೇಳಿರುವುದಿಲ್ಲ. ಒತ್ತಿದ್ದೇ ಒತ್ತಿದ್ದು, ಮುಳ್ಳು ಅಲ್ಲಾಡುವುದಿಲ್ಲ. ಹತ್ತು ಜನ ಒಟ್ಟಿಗೆ ಕೂಗುತ್ತಾರೆ. ಮಣಿಕಟ್ಟಿನ ರೇಡಿಯಲ್ ನಾಡಿ ಕೈಗೆ ಸಿಗದಾಗುವವರೆಗೆ ಏರಿಸಿ, ಅಲ್ಲಿಂದ 30 ಮಿ.ಮೀ. ಹೆಚ್ಚಿಸಿ, ಸೆಕೆಂಡಿಗೆ ಎರಡು ಮೂರು ಮಿ.ಮೀ.ನಂತೆ ಇಳಿಸಬೇಕು ಎನ್ನುವುದನ್ನು ಬಾಯಿಪಾಠ ಹೇಳಿದವರಿಗೂ, ಇನ್ನೊಬ್ಬರ ಕೈಯಿಂದ ಅದನ್ನು ಮಾಡಿಸುವಾಗ ಯಾವುದು ಬಿಟ್ಟಿದ್ದೇವೆ ಎಂದು ಗೊತ್ತಾಗುತ್ತದೆ. ಒಂದೇ ತೊಂದರೆ ಸಮಯದ್ದು. ಅರವತ್ತು ಮಕ್ಕಳ ಬ್ಯಾಚ್, ಇಬ್ಬರೇ ಟ್ಯೂಟರ್ ಇದ್ದರೆ ನಾಲ್ಕೂ ಹಂತ ಎಲ್ಲರಿಗೂ ಸಿಗುವುದಿಲ್ಲ. ಇದಕ್ಕೆ ಕೋರ್ಸ್‌ನಲ್ಲಿ ಉತ್ತರವಿಲ್ಲ. ಅಲ್ಲಿನ ಉದಾಹರಣೆಗಳಲ್ಲಿ ಒಬ್ಬ ಟೀಚರ್‌ಗೆ ನಾಲ್ಕು ಜನ, ಎಲ್ಲರ ಕುತ್ತಿಗೆಯಲ್ಲೂ ಸ್ವಂತ ಸ್ಟೆತಸ್ಕೋಪ್.

ಯಾರು ತೆಗೆದುಕೊಳ್ಳಬಹುದು? ಎಂಬಿಬಿಎಸ್ ಕಾಲೇಜಿನವರಿಗೆ ಪಾಠ ಮಾಡುವುದರ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮೂಲ ತರಬೇತಿ ಹೇಗೂ ಇದೆ, ಅದು ಮುಗಿದಿದ್ದರೆ ಇದರ ಅರ್ಧ ಭಾಗ ಹಳೆಯದು ಅನ್ನಿಸುತ್ತದೆ. ನರ್ಸಿಂಗ್, ಫಿಸಿಯೊ, ಫಾರ್ಮಸಿ ಕಡೆಯವರಿಗೆ ಇಷ್ಟು ಸುಲಭವಾಗಿ ಸಿಗುವುದಿಲ್ಲ, ನಮಗೆ ಲಾಭ ಇದೆ. ಆದರೆ ಸಂಜೆ ಹೊತ್ತು ಮನೆಯಲ್ಲಿ ಕೆಲಸ ಇರುವವರು ಆ ವಿಡಿಯೊ ಬೀಗದ ಬಗ್ಗೆ ಮೊದಲೇ ಕೇಳಿಕೊಳ್ಳಿ. ಸರ್ಟಿಫಿಕೇಟಿಗಾಗಿಯೇ ಸೇರುವುದಾದರೆ ಮೊದಲು ನಿಮ್ಮ ಪ್ರಿನ್ಸಿಪಾಲರನ್ನು ಕೇಳಿ. ನಮ್ಮಲ್ಲಿ ಅದನ್ನು ಫೈಲಿಗೆ ಸೇರಿಸಿದರು, ಸಂಬಳಕ್ಕೆ ಸೇರಿಸಲಿಲ್ಲ.

ಈಗ ರಿನ್ಯೂವಲ್ ಮೆಸೇಜ್ ಬಂದಿದೆ. ದುಡ್ಡು ಕಟ್ಟದಿದ್ದರೆ ಪ್ರಶ್ನೆಗಳೂ ನಿಲ್ಲುತ್ತವಂತೆ. ವಿಡಿಯೊ ಬೇಡ, ಬರೀ ಪ್ರಶ್ನೆಗೆ ಎಷ್ಟು ತಗೊಳ್ತೀರಿ ಹೇಳಿ ಅಂತ ಬರೆದಿದ್ದೇನೆ. 'ನಮ್ಮ ಹೊಸ ವಿಡಿಯೊಗಳನ್ನು ನೋಡಿದಿರಾ?' ಎಂದು ಉತ್ತರ ಬಂತು.