ವೇಟ್ ಗೇನರ್ ಪುಡಿ, 8 ತಿಂಗಳ ಬಳಕೆಯ ನಂತರ: ಡಬ್ಬ ಹೇಳಿದಷ್ಟು ಹಾಕಬೇಡಿ

5ಕ್ಕೆ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ಕಳೆದದ್ದು ಅತಿ ಸಿಹಿಗೆ, ಇನ್ನೊಂದು ಪೂರ್ತಿ ಸ್ಟಾರ್ ಲೇಬಲ್ ಮೇಲಿನ ಅಳತೆಗೆ. ತೂಕ ಏರಿಸಲು ಪುಡಿ ಕೆಲಸ ಮಾಡುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಹೇಳಿದಷ್ಟೇ ಕುಡಿದರೆ ಮೊದಲು ದಪ್ಪವಾಗುವುದು ಹೊಟ್ಟೆ.

ಇದು 3 ಕೆಜಿ ಡಬ್ಬ. ಒಂದು ಸಲಕ್ಕೆ 2 ಸ್ಕೂಪ್, ಅಂದರೆ 300 ಗ್ರಾಂ ಎನ್ನುತ್ತದೆ ಲೇಬಲ್. ಅದರಲ್ಲಿ 1,125 ಕ್ಯಾಲೊರಿ, 45 ಗ್ರಾಂ ಪ್ರೋಟೀನ್, 225 ಗ್ರಾಂ ಕಾರ್ಬ್ಸ್ (ಕಾರ್ಬೋಹೈಡ್ರೇಟ್), 5 ಗ್ರಾಂ ಕೊಬ್ಬು. ಪ್ರೋಟೀನ್ ಒಂದು ಪಾಲಾದರೆ ಕಾರ್ಬ್ಸ್ ಐದು ಪಾಲು. ಆ ಕಾರ್ಬ್ಸಿನಲ್ಲಿ ಹೆಚ್ಚಿನದು ಪಿಷ್ಟದಿಂದ ತಯಾರಿಸುವ ಮಾಲ್ಟೊಡೆಕ್ಸ್‌ಟ್ರಿನ್. ಲೇಬಲ್ಲಿನ 'ಸಕ್ಕರೆ' ಸಾಲಿನಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಅಲ್ಲಿ ಅಂಕಿ ಚಿಕ್ಕದಾಗಿ ಕಾಣುತ್ತದೆ. ರಕ್ತಕ್ಕೆ ಸೇರುವ ವೇಗದಲ್ಲಿ ಮಾತ್ರ ಅದು ಗ್ಲೂಕೋಸಿಗೆ ಹೆಚ್ಚುಕಡಿಮೆ ಸಮ.

ತೂಕ ಏರಲು ದೇಹ ಖರ್ಚು ಮಾಡುವುದಕ್ಕಿಂತ ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚು ಸಿಕ್ಕರೆ ಸಾಕು. ಈ ಪುಡಿ 100 ಗ್ರಾಂ, ಕೆನೆ ತೆಗೆಯದ ಹಾಲು 250 ಮಿಲಿ: ಸುಮಾರು 530 ಕ್ಯಾಲೊರಿ, 23 ಗ್ರಾಂ ಪ್ರೋಟೀನ್. ಅಲ್ಲಿಗೆ ಮುಗಿಯಿತು. ಲೇಬಲ್ ಪ್ರಕಾರ 10 ದಿನಕ್ಕೆ ಖಾಲಿಯಾಗುವ ಡಬ್ಬ ಹೀಗೆ ಒಂದು ತಿಂಗಳು ಬರುತ್ತದೆ. (ಕಂಪನಿ ದೊಡ್ಡ ಅಳತೆ ಬರೆಯುವುದೇಕೆ ಎಂದು ಬೇರೆ ಹೇಳಬೇಕಿಲ್ಲ.) ಸ್ಕೂಪ್ ನಂಬಬೇಡಿ. ಸಡಿಲವಾಗಿ ತುಂಬಿದ್ದಕ್ಕೂ ಅದುಮಿ ತುಂಬಿದ್ದಕ್ಕೂ ಎದ್ದು ಕಾಣುವಷ್ಟು ವ್ಯತ್ಯಾಸವಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಹಾಕಿ.

ಶೇಕರ್‌ಗೆ ಮೊದಲು ಹಾಲು, ಆಮೇಲೆ ಪುಡಿ. ತಿರುವುಮುರುವು ಮಾಡಿದರೆ ತಳದಲ್ಲಿ ಅಂಟು ಗಂಟು ಕಟ್ಟಿ, ಎಷ್ಟು ಅಲ್ಲಾಡಿಸಿದರೂ ಕರಗುವುದಿಲ್ಲ. ಬಿಸಿ ಹಾಲು ಬೇಡ, ಪ್ರೋಟೀನ್ ಮುದ್ದೆಯಾಗುತ್ತದೆ. ಕುಡಿದ ಕೂಡಲೇ ಶೇಕರ್ ತೊಳೆಯಿರಿ, ಸಂಜೆಯವರೆಗೆ ಬಿಟ್ಟರೆ ಮುಚ್ಚಳದ ಸುರುಳಿಯಲ್ಲಿ ಸೇರುವ ಕಮಟು ವಾಸನೆ ಸೋಪಿಗೂ ಜಗ್ಗುವುದಿಲ್ಲ.

ಹೆಚ್ಚಿನವರು ಎಡವುವುದು ಕುಡಿಯುವ ಹೊತ್ತಿನಲ್ಲಿ. ಊಟಕ್ಕೆ ಮುಂಚೆ ಕುಡಿದರೆ ಹಸಿವು ಸತ್ತು ಅರ್ಧ ಊಟ ತಟ್ಟೆಯಲ್ಲೇ ಉಳಿಯುತ್ತದೆ. ಪುಡಿಯಿಂದ ಬಂದದ್ದು ಊಟದಲ್ಲಿ ಹೋಯಿತು, ಲೆಕ್ಕ ಸೊನ್ನೆ. ಎರಡು ಊಟಗಳ ನಡುವೆ, ಮುಂದಿನ ಊಟಕ್ಕೆ ಕನಿಷ್ಠ 2 ಗಂಟೆ ಇರುವಾಗ ಕುಡಿಯಿರಿ. ವ್ಯಾಯಾಮ ಮಾಡಿದ ದಿನ ಅದು ಮುಗಿದ ಮೇಲೆ. ಹೊಟ್ಟೆ ಉಬ್ಬರ, ಗ್ಯಾಸ್ ಬಂದರೆ ಮೊದಲ ಅನುಮಾನ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮೇಲಿರಲಿ: ಇದರಲ್ಲಿರುವುದು ವೇ ಕಾನ್ಸಂಟ್ರೇಟ್ (ಹಾಲಿನಿಂದ ತೆಗೆದ, ಸ್ವಲ್ಪ ಲ್ಯಾಕ್ಟೋಸ್ ಉಳಿದಿರುವ ಪ್ರೋಟೀನ್), ಜೊತೆಗೆ ಹಾಲು ಬೇರೆ. ಒಂದು ವಾರ ನೀರಿನಲ್ಲಿ ಕಲಸಿ ನೋಡಿ. ಪುಡಿಯಲ್ಲಿ ನಾರಿನಂಶ ಇಲ್ಲವೇ ಇಲ್ಲ ಎನ್ನಬಹುದು, ಹಾಗಾಗಿ ತರಕಾರಿ ಕಡಿಮೆ ತಿನ್ನುವವರಿಗೆ ಮಲಬದ್ಧತೆ ಶುರುವಾಗಬಹುದು.

ಏರಿದ ತೂಕ ಎಂಥದ್ದು ಎಂದು ತಿಳಿಯಲು ತೂಕದ ಯಂತ್ರವೊಂದೇ ಸಾಲದು. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಗಿ, 7 ದಿನದ ಸರಾಸರಿ ಬರೆದಿಡಿ. 60 ಕೆಜಿ ಇರುವವರಿಗೆ ವಾರಕ್ಕೆ 150ರಿಂದ 300 ಗ್ರಾಂ ಹಿತವಾದ ಏರಿಕೆ. ಮೊದಲ ವಾರ ಒಂದು ಕೆಜಿ ಏರಿದರೆ ಹಿಗ್ಗಬೇಡಿ, ಅದು ಬಹುಪಾಲು ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಕಾರ್ಬ್ಸ್) ಮತ್ತು ಅದು ಹಿಡಿದಿಟ್ಟ ನೀರು. ಎರಡು ವಾರಕ್ಕೊಮ್ಮೆ ಹೊಕ್ಕುಳಿನ ಮಟ್ಟದಲ್ಲಿ, ಉಸಿರು ಬಿಟ್ಟು, ಟೇಪ್ ಹಿಡಿಯಿರಿ. ಸ್ಕ್ವಾಟ್, ಡೆಡ್‌ಲಿಫ್ಟ್ ಮುಂತಾದ ವ್ಯಾಯಾಮಗಳಲ್ಲಿ ಎತ್ತುವ ಭಾರ ನಿಂತಲ್ಲೇ ನಿಂತು ಸೊಂಟ ಮಾತ್ರ ಹಿಗ್ಗುತ್ತಿದ್ದರೆ ಪುಡಿಯನ್ನು 50 ಗ್ರಾಂಗೆ ಇಳಿಸಿ. ವಾರಕ್ಕೆ 3 ದಿನವಾದರೂ ಭಾರ ಎತ್ತದವರಿಗೆ ಈ ಡಬ್ಬ ಕೊಬ್ಬಿನ ಡಬ್ಬವೇ.

ಶುರು ಮಾಡುವ ಮೊದಲೊಮ್ಮೆ, 3 ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಪರೀಕ್ಷೆ ಮಾಡಿಸಿ. ಎಚ್‌ಬಿಎ1ಸಿ ಹಿಂದಿನ 2–3 ತಿಂಗಳ ಸಕ್ಕರೆಯ ಸರಾಸರಿ ತೋರಿಸುವುದರಿಂದ ಅದಕ್ಕಿಂತ ಬೇಗ ಮಾಡಿಸಿ ಪ್ರಯೋಜನವಿಲ್ಲ. ಪುಡಿಯಲ್ಲಿ ಕ್ರಿಯಾಟಿನ್ (ಸ್ನಾಯುಬಲಕ್ಕೆಂದು ಸೇರಿಸುವ ವಸ್ತು) ಬೆರೆಸಿದ್ದರೆ, ಕಿಡ್ನಿಯ ಕೆಲಸ ತಿಳಿಯಲು ನೋಡುವ ರಕ್ತದ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಮೇಲೇರಬಹುದು. ಡಾಕ್ಟರಿಗೆ ಮೊದಲೇ ತಿಳಿಸಿ, ಇಲ್ಲವಾದರೆ ಕಿಡ್ನಿಯ ಬಗ್ಗೆ ಸುಮ್ಮನೆ ಗಾಬರಿ. ಮಧುಮೇಹ ಅಥವಾ ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕಾರಣವಿಲ್ಲದೆ ತೂಕ ಇಳಿಯುತ್ತಿರುವವರಿಗೆ ಪುಡಿಗಿಂತ ಮೊದಲು ಬೇಕಿರುವುದು ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ.

ಮತ್ತೆ ಕೊಳ್ಳುವುದೇ? ಪ್ರಯಾಣಕ್ಕೆ, ಕಾಲೇಜಿನ ಪರೀಕ್ಷೆಯ ದಿನಗಳಿಗೆ ಹೌದು. ಮಿಕ್ಸಿ ಕೈಗೆಟಕುವಲ್ಲಿ ಬೇಡ: ಹಾಲು 250 ಮಿಲಿ, ಓಟ್ಸ್ 50 ಗ್ರಾಂ, ಬಾಳೆಹಣ್ಣು ಒಂದು, ಕಡಲೆಕಾಯಿ ಬೆಣ್ಣೆ 30 ಗ್ರಾಂ ರುಬ್ಬಿದರೆ ಸುಮಾರು 630 ಕ್ಯಾಲೊರಿ, 23 ಗ್ರಾಂ ಪ್ರೋಟೀನ್, ಜೊತೆಗೆ ಪುಡಿಯಲ್ಲಿಲ್ಲದ ನಾರು. ಓಟ್ಸನ್ನು ಮೊದಲು ಒಣಗಿದ್ದಾಗಲೇ ಪುಡಿ ಮಾಡಿಕೊಳ್ಳಿ, ಇಲ್ಲದಿದ್ದರೆ ಕೊನೆಯ ಗುಟುಕು ಮರಳು ಮರಳು.