ಕುಂಬಳ ಹೂವೋ, ನೇರಳೆ ಬೀನ್ಸೋ?

ಬೇಸಿಗೆಯ ರೈತ ಸಂತೆಯಲ್ಲಿ ಎರಡೂ ಕಣ್ಣಿಗೆ ಬಿದ್ದರೆ ಮೊದಲು ಯೋಚಿಸಬೇಕಾದದ್ದು ಒಂದೇ: ಅಡುಗೆ ಇವತ್ತೋ, ಎರಡು ಮೂರು ದಿನ ಬಿಟ್ಟೋ?

ಇವತ್ತೇ ಅಂದರೆ ಹೂವು ತಗೊಳ್ಳಿ. ಬಿಸಿಲಿಗೆ ಬೇಗ ಬಾಡುತ್ತದೆ, ಹಾಗಾಗಿ ಬೆಳಗ್ಗೆಯೇ ಹೋಗಿ. ಉದ್ದ, ತೆಳು ತೊಟ್ಟಿನದ್ದು ಗಂಡು ಹೂವು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ಗಂಡು ಹೂವನ್ನೇ ಆರಿಸಿ, ಬಳ್ಳಿಯ ಕಾಯಿಗೂ ನಷ್ಟವಿಲ್ಲ ಅಲ್ವಾ? ಮೆಲ್ಲಗೆ ಬಿಡಿಸಿ, ಒಳಗೆ ಹುಳ ಇದೆಯಾ ನೋಡಿ.

ನೇರಳೆ ಬೀನ್ಸ್ ಫ್ರಿಜ್‌ನಲ್ಲಿ ಕೆಲವು ದಿನ ಇರುತ್ತದೆ. ಮುರಿದರೆ ಟಪ್ ಅನ್ನಬೇಕು. ಆದರೆ ಬಣ್ಣ ನೋಡಿ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಬೇಯಿಸಿದರೆ ಹಸಿರಾಗಿಬಿಡುತ್ತದೆ, ನೇರಳೆ ಬಣ್ಣ ಕೊಡುವ ಆಂಥೋಸಯಾನಿನ್ ಬಿಸಿಗೆ ನಿಲ್ಲುವುದಿಲ್ಲ. ರುಚಿಯೂ ಹೆಚ್ಚುಕಡಿಮೆ ಮಾಮೂಲಿ ಬೀನ್ಸಿನದೇ.

ನನ್ನ ಓಟು ಹೂವಿಗೆ. ಅಂಗಡಿಗಳಲ್ಲಿ ಅದು ಸಿಗುವುದೇ ಅಪರೂಪ.